ನಮ್ಮ ಪಾರ್ಕಿನ ಗೇಟಿಗೆ ಕ್ಯೂಆರ್ ಕೋಡ್ ಬೇಕೇ? ‘ಸ್ಮಾರ್ಟ್ ಉದ್ಯಾನ’ ಪ್ರಸ್ತಾವದ ಚರ್ಚೆ

ಪಾರ್ಕ್ ಪಕ್ಕದ ಮನೆ (ಚರ್ಚೆ ಆರಂಭಿಸಿದವರು)

ಕಳೆದ ಭಾನುವಾರ ನಮ್ಮ ಬಡಾವಣೆಯ ನಿವಾಸಿಗಳ ಸಂಘದ ಸಭೆ ಕೂಗಾಟದಲ್ಲಿ ಮುಗಿಯಿತು. ಸಭೆಗೆ ಬಾರದವರಿಗಾಗಿ ವಿಷಯ ತಿಳಿಸುತ್ತೇನೆ. ದಕ್ಷಿಣ ಬೆಂಗಳೂರಿನ ನಮ್ಮ ಒಂದೂವರೆ ಎಕರೆ ಪಾರ್ಕನ್ನು ‘ಸ್ಮಾರ್ಟ್’ ಮಾಡಿಕೊಡಲು ಒಂದು ಸಂಸ್ಥೆ ತನ್ನ ಸಾಮಾಜಿಕ ಹೊಣೆಗಾರಿಕೆ ನಿಧಿಯಿಂದ ಹಣ ಕೊಡಲು ಮುಂದೆ ಬಂದಿದೆ. ಪಾಲಿಕೆಯ ತೋಟಗಾರಿಕೆ ವಿಭಾಗ ಬಾಯಿಮಾತಿನಲ್ಲಿ ಒಪ್ಪಿದೆಯಂತೆ. ಸಂಘದ ಒಪ್ಪಿಗೆ ಪತ್ರವೊಂದು ಬಾಕಿ.

ಪಟ್ಟಿಯಲ್ಲಿ ಏನೇನಿದೆ ಎಂದರೆ, ಗೇಟಿನಲ್ಲಿ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಮೊಬೈಲ್ ಸಂಖ್ಯೆ ನೋಂದಾಯಿಸಿದರೆ ತೆರೆಯುವ ಬಾಗಿಲು. ಮುಖ ಗುರುತಿಸುವ ಕ್ಯಾಮೆರಾಗಳು. ನಡಿಗೆಪಥದ ಉದ್ದಕ್ಕೂ ಬಿಳಿ ಎಲ್‌ಇಡಿ ದೀಪ. ಮಧ್ಯದಲ್ಲಿ ಜಾಹೀರಾತು ಪರದೆ ಇರುವ ವೈ-ಫೈ ಕಂಬ. ಮಣ್ಣಿನ ತೇವ ಅಳೆದು ತಾನೇ ನೀರು ಬಿಡುವ ವ್ಯವಸ್ಥೆ. ಬೆಳಿಗ್ಗೆ ಸಂಜೆ ಸಂಗೀತ ಹಾಕಲು ಧ್ವನಿವರ್ಧಕ.

ಸಭೆಯಲ್ಲಿ ಅರ್ಧ ಜನ ‘ಬಂದ ಭಾಗ್ಯವನ್ನು ಕಾಲಿನಿಂದ ಒದೆಯುತ್ತೀರಾ’ ಎಂದರು, ಇನ್ನರ್ಧ ಜನ ‘ಬೇಡವೇ ಬೇಡ’ ಎಂದರು. ಮುಂದಿನ ಸಭೆ ಎರಡು ವಾರದ ನಂತರ ಇದೆ. ಅಲ್ಲಿ ಮತ್ತೆ ಕಿರುಚಾಡುವ ಬದಲು ಇಲ್ಲಿ ಬರೆದು ಜಗಳವಾಡೋಣ ಎಂದು ಈ ಚರ್ಚೆ ತೆರೆದಿದ್ದೇನೆ. ನನ್ನ ಅಭಿಪ್ರಾಯವನ್ನು ಮುಚ್ಚಿಡುವುದಿಲ್ಲ. ನೀರಿನ ವ್ಯವಸ್ಥೆ ಬರಲಿ, ಗೇಟಿನ ಕ್ಯೂಆರ್ ಬೇಡ. ಉಳಿದದ್ದನ್ನು ನೀವು ಹೇಳಿ.

ನಿವೃತ್ತ ಇಂಜಿನಿಯರ್

ಹೊಸದು ಏನು ಬಂದರೂ ಮೊದಲು ಬೇಡ ಎನ್ನುವುದು ನಮ್ಮ ಊರಿನ ಹವ್ಯಾಸ. ಲಾಲ್‌ಬಾಗಿನ ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು ಬಿದ್ದಾಗ ಎರಕದ ಕಬ್ಬಿಣ ಮತ್ತು ಗಾಜಿನ ಕಟ್ಟಡ ಎನ್ನುವುದು ಆ ಕಾಲದ ಅತ್ಯಾಧುನಿಕ ತಂತ್ರಜ್ಞಾನವಾಗಿತ್ತು. ಇಂದು ಅದಿಲ್ಲದ ಲಾಲ್‌ಬಾಗನ್ನು ಯಾರಾದರೂ ಊಹಿಸುತ್ತಾರೆಯೇ? 1983ರಲ್ಲಿ ಎಚ್‌ಎಂಟಿ ಅಲ್ಲೇ ಹೂಗಡಿಯಾರ ಇಟ್ಟಿತು. ಕೆಆರ್‌ಎಸ್‌ನ ಬೃಂದಾವನಕ್ಕೆ ದೇಶದ ಮೂಲೆಮೂಲೆಯಿಂದ ಜನ ಬಂದದ್ದು ಬಣ್ಣದ ವಿದ್ಯುತ್ ದೀಪದ ಕಾರಂಜಿ ನೋಡಲು. ಅದನ್ನು ಮಾಡಿಸಿದ ಮೈಸೂರಿನ ದಿವಾನ ಮಿರ್ಜಾ ಇಸ್ಮಾಯಿಲ್ ಅವರು ‘ಉದ್ಯಾನಕ್ಕೆ ವಿದ್ಯುತ್ ಏಕೆ, ಗಿಡ ಸಾಕು’ ಎಂದುಕೊಂಡಿದ್ದರೆ? ಶಿವನಸಮುದ್ರದ ವಿದ್ಯುತ್ತಿನಿಂದ 1905ರಲ್ಲೇ ಬೀದಿದೀಪ ಬೆಳಗಿಸಿದ ಊರು ಇದು. ನಾವು 2020ರ ದಶಕದಲ್ಲಿ ಕುಳಿತು ಒಂದು ಕ್ಯಾಮೆರಾಕ್ಕೆ ಹೆದರುತ್ತಿದ್ದೇವೆ.

ಕಳೆದ ವರ್ಷ ಪಾರ್ಕಿನ ಪಂಪಿನ ತಾಮ್ರದ ತಂತಿ ಕದ್ದರು. ಬೆಂಚಿನ ಕಬ್ಬಿಣ ಕದ್ದರು. ಕದ್ದವರು ಸಿಕ್ಕರೇ? ಇಲ್ಲ.

ರಾಗಿಮುದ್ದೆ

ಇಂಜಿನಿಯರ್ ಸರ್, ಗಾಜಿನ ಮನೆ ಯಾರ ಮೊಬೈಲ್ ಸಂಖ್ಯೆಯನ್ನೂ ಕೇಳಲಿಲ್ಲ. ಹೂಗಡಿಯಾರ ನನಗೆ ಗಂಟೆ ತೋರಿಸಿತು, ನಾನು ಎಷ್ಟು ಗಂಟೆಗೆ ಬಂದೆ ಎಂದು ಬರೆದಿಟ್ಟುಕೊಳ್ಳಲಿಲ್ಲ.

ನಾಲ್ಕನೇ ಅಡ್ಡರಸ್ತೆ

ನಾನು ಪೂರ್ತಿ ಪರ. ನಮ್ಮ ಪಾರ್ಕಿಗೆ ಎಲ್ಲೆಲ್ಲಿಂದಲೋ ಜನ ಬರುತ್ತಿದ್ದಾರೆ. ಕಾಲೇಜಿನ ಹುಡುಗ ಹುಡುಗಿಯರು ಮಧ್ಯಾಹ್ನವೆಲ್ಲ ಹಿಂಬದಿಯ ಬೆಂಚಿನಲ್ಲಿ ಕುಳಿತಿರುತ್ತಾರೆ. ಮಕ್ಕಳನ್ನು ಕರೆದುಕೊಂಡು ಹೋಗಲು ಮುಜುಗರವಾಗುತ್ತದೆ. ನೋಂದಣಿ ಮಾಡಿಸಿ, ಬಡಾವಣೆಯವರಿಗೆ ಮಾತ್ರ ಬಾಗಿಲು ತೆರೆಯುವಂತೆ ಮಾಡಿದರೆ ಎಲ್ಲವೂ ಸರಿಹೋಗುತ್ತದೆ. ಯಾವುದೋ ದೇಶದಲ್ಲಿ ಯುವಕರಿಗೆ ಮಾತ್ರ ಕೇಳಿಸುವ ಕರ್ಕಶ ಸದ್ದಿನ ಯಂತ್ರ ಇಡುತ್ತಾರಂತೆ, ಅದನ್ನೂ ಪರಿಶೀಲಿಸಬಹುದು. ಬೇಕಿದ್ದರೆ ನಿನ್ನೆ ಮಧ್ಯಾಹ್ನ ತೆಗೆದ ಈ ಚಿತ್ರ ನೋಡಿ.

*[ಚಿತ್ರವನ್ನು ನಿರ್ವಾಹಕರು ತೆಗೆದುಹಾಕಿದ್ದಾರೆ]*

ನಿರ್ವಾಹಕರು

ಒಪ್ಪಿಗೆಯಿಲ್ಲದೆ ತೆಗೆದ ಅಪರಿಚಿತರ ಚಿತ್ರಗಳನ್ನು ಇಲ್ಲಿ ಹಾಕುವಂತಿಲ್ಲ. ಇನ್ನೊಮ್ಮೆ ಹಾಕಿದರೆ ಖಾತೆ ಅಮಾನತು ಮಾಡುತ್ತೇವೆ.

ರಾಗಿಮುದ್ದೆ

ನೋಡಿದಿರಾ? ಕ್ಯಾಮೆರಾ ಇನ್ನೂ ಬಂದೇ ಇಲ್ಲ, ಆಗಲೇ ಚಿತ್ರ ಹರಿದಾಡಲು ಆರಂಭವಾಯಿತು. ನಾಳೆ ನಿಯಂತ್ರಣ ಪರದೆ ಸಂಘದ ಕೊಠಡಿಯಲ್ಲಿದ್ದರೆ ಅದರ ಮುಂದೆ ಯಾರು ಕುಳಿತಿರುತ್ತಾರೆ ಎಂದು ಈಗಲೇ ಗೊತ್ತಾಯಿತು.

ಎಂಟನೇ ತರಗತಿಯ ಅಮ್ಮ

ಆ ಸದ್ದಿನ ಯಂತ್ರದ ಬಗ್ಗೆ ಹೇಳುತ್ತೇನೆ. ಅದರ ಹೆಸರೇ ‘ಮಾಸ್ಕಿಟೊ’. ಸುಮಾರು 17 ಕಿಲೊಹರ್ಟ್ಸ್ ಆವರ್ತನದ ಶಬ್ದ ಹೊರಡಿಸುತ್ತದೆ. ವಯಸ್ಸಾದಂತೆ ಕಿವಿ ಇಷ್ಟು ತೀಕ್ಷ್ಣವಾದ ಶಬ್ದವನ್ನು ಹಿಡಿಯುವುದನ್ನು ಬಿಡುತ್ತದೆ, ಹಾಗಾಗಿ ಹದಿಹರೆಯದವರಿಗೂ ಚಿಕ್ಕ ಮಕ್ಕಳಿಗೂ ಕೇಳಿಸುತ್ತದೆ, ದೊಡ್ಡವರಿಗೆ ಕೇಳಿಸುವುದಿಲ್ಲ. ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ಹಲವಾರು ಪಾರ್ಕುಗಳಲ್ಲಿ ಇದನ್ನು ಹಾಕಿದ್ದು 2019ರಲ್ಲಿ ದೊಡ್ಡ ಸುದ್ದಿಯಾಯಿತು. ಅಲ್ಲಿನ ಜನಪ್ರತಿನಿಧಿಗಳೇ ಇದು ಮಕ್ಕಳ ಮೇಲೆ ಹೂಡಿದ ಅಸ್ತ್ರ ಎಂದು ಬೈದರು. ತೊಟ್ಟಿಲ ಮಗುವಿಗೂ ಆ ಶಬ್ದ ಕೇಳಿಸುತ್ತದೆ, ಅದು ಏಕೆ ಅಳುತ್ತಿದೆ ಎಂದು ತಾಯಿಗೆ ಗೊತ್ತಾಗುವುದಿಲ್ಲ. ನಿಮ್ಮ ಮೊಮ್ಮಗುವನ್ನು ಮೊದಲು ಕರೆದುಕೊಂಡು ಹೋಗಿ ನಿಲ್ಲಿಸಿ.

ನನ್ನ ಮಗ ಸಂಜೆ ಆಡಲು ಹೋಗುವುದು ಈ ಒಂದು ಪಾರ್ಕಿಗೆ. ಅವನಿಗೆ ನಾನು ಮೊಬೈಲ್ ಕೊಡಿಸಿಲ್ಲ, ಹತ್ತನೇ ತರಗತಿ ಮುಗಿಯುವವರೆಗೆ ಕೊಡಿಸುವುದೂ ಇಲ್ಲ. ಕ್ಯೂಆರ್ ಬಾಗಿಲಿನ ಮುಂದೆ ಅವನು ಏನು ಮಾಡಬೇಕು?

ಸಂಜೆ ಏಳರ ಬಸ್

ಗಂಡಸರೆಲ್ಲ ಕ್ಯಾಮೆರಾ, ಖಾಸಗಿತನ ಎಂದು ದೊಡ್ಡದಾಗಿ ಬರೆಯುತ್ತಿದ್ದೀರಿ. ನಾನು ಕೆಲಸ ಮುಗಿಸಿ ಬಸ್ ಇಳಿಯುವಾಗ ಏಳು ದಾಟಿರುತ್ತದೆ. ನಡೆಯಲು ನನಗೆ ಸಿಗುವ ಹೊತ್ತು ಅದೊಂದೇ. 2024ರ ಜೂನ್‌ನಲ್ಲಿ ಪಾಲಿಕೆಯ ಪಾರ್ಕುಗಳು ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿರುತ್ತವೆ ಎಂದು ಘೋಷಿಸಿದಾಗ ಎಲ್ಲರಿಗಿಂತ ಹೆಚ್ಚು ಸಂತೋಷಪಟ್ಟವಳು ನಾನು. ಆದರೆ ಹಿಂಬದಿಯ ಗೇಟಿನಿಂದ ನೀರಿನ ತೊಟ್ಟಿಯವರೆಗಿನ ಪಥದಲ್ಲಿ ಮೂರು ದೀಪಗಳು ಸುಟ್ಟುಹೋಗಿ ತಿಂಗಳುಗಳೇ ಆಗಿವೆ. ಅಲ್ಲಿ ನಿಂತು ಕೆಣಕುವವರು ಬಡಾವಣೆಯವರೇ ಎಂಬುದನ್ನೂ ಹೇಳಿಬಿಡುತ್ತೇನೆ, ನೋಂದಣಿ ಮಾಡಿಸಿದರೆ ಅವರಿಗೇ ಮೊದಲು ಬಾಗಿಲು ತೆರೆಯುತ್ತದೆ. ನನಗೆ ದೀಪ ಬೇಕು, ಗೇಟಿನಲ್ಲಿ ಒಂದು ಕ್ಯಾಮೆರಾ ಇದ್ದರೂ ಬೇಸರವಿಲ್ಲ. ಹೆಂಗಸರ ಸುರಕ್ಷತೆಗಾಗಿ ಎಂದು ಹೇಳಿ ಅದರ ಹೆಸರಿನಲ್ಲಿ ಜಾಹೀರಾತು ಕಂಬ ನೆಡುವುದು ಮಾತ್ರ ಬೇಡ.

ಬಾವಲಿ ಗೆಳೆಯ

ಮೇಡಂ, ನಿಮ್ಮ ಮಾತಿಗೆ ನನ್ನ ವಿರೋಧವಿಲ್ಲ. ದೀಪ ಬೇಕೇ ಬೇಕು. ಆದರೆ ಎಂಥ ದೀಪ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಇದು ಸ್ವಲ್ಪ ಉದ್ದವಾಗುತ್ತದೆ, ತಾಳ್ಮೆಯಿಂದ ಓದಿ.

ಎಲ್‌ಇಡಿ ದೀಪಗಳ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ. ನಮ್ಮ ರಸ್ತೆಗಳಲ್ಲಿ ಕಣ್ಣು ಕುಕ್ಕುವ ಬಿಳಿ ದೀಪಗಳು 5000ದಿಂದ 6500 ಕೆಲ್ವಿನ್. ಅವುಗಳಲ್ಲಿ ನೀಲಿ ಬೆಳಕಿನ ಪಾಲು ಹೆಚ್ಚು. ಹಳದಿ ಛಾಯೆಯ ದೀಪ 2700 ಅಥವಾ ಅದಕ್ಕೂ ಕಡಿಮೆ. ಹುಳುಗಳನ್ನು ಹೆಚ್ಚು ಎಳೆಯುವುದು ನೀಲಿ ಬೆಳಕು. ರಾತ್ರಿಯಿಡೀ ಹುಳುಗಳು ಅದರ ಸುತ್ತ ಸುತ್ತಿ ಸಾಯುತ್ತವೆ. ಹಣ್ಣು ತಿನ್ನುವ ಬಾವಲಿಗಳು ಮಾಡುವುದು ಇದಕ್ಕೆ ತಿರುಗುಮುರುಗು, ಬೆಳಕಿರುವ ಮರವನ್ನು ಅವು ಬಿಟ್ಟು ಹೋಗುತ್ತವೆ. ನಮ್ಮ ಪಾರ್ಕಿನ ಗಸಗಸೆ ಹಣ್ಣಿನ ಮರಕ್ಕೂ ಅತ್ತಿಮರಕ್ಕೂ ಸಂಜೆ ಬರುವ ಬಾವಲಿಗಳನ್ನು ನೀವೆಲ್ಲ ನೋಡಿದ್ದೀರಿ. ಬೀಜ ಹರಡುವ ಕೆಲಸ ಅವುಗಳದ್ದು. ಬೆಂಗಳೂರಿನ ಹಳೆಯ ಮರಗಳಿರುವ ಆವರಣಗಳಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಂಥ ಕಡೆಗಳಲ್ಲಿ, ಇಂದಿಗೂ ಕಾಡುಪಾಪಗಳಿವೆ. ಪೂರ್ತಿ ಕತ್ತಲೆಯ ಪ್ರಾಣಿ ಅದು. ನಮ್ಮ ಪಾರ್ಕಿನಲ್ಲಿ ಇಲ್ಲ ಎಂದು ಗೊತ್ತಿದೆ, ಆದರೆ ಇಲ್ಲಿ ಹಾಕಿದ ಮಾದರಿಯೇ ನಾಳೆ ಊರಿನ ಎಲ್ಲ ಪಾರ್ಕುಗಳಿಗೂ ಹೋಗುತ್ತದೆ.

ಸುರಕ್ಷತೆಗೂ ಈ ಬಿಳಿ ದೀಪ ಒಳ್ಳೆಯದಲ್ಲ. ಎತ್ತರದ ಕಂಬದಿಂದ ಪ್ರಖರ ಬೆಳಕು ಬಿದ್ದರೆ ಕಣ್ಣು ಅದಕ್ಕೆ ಹೊಂದಿಕೊಂಡು, ಪಕ್ಕದ ಪೊದೆಯ ನೆರಳು ಇನ್ನಷ್ಟು ಕಪ್ಪಾಗಿ ಕಾಣುತ್ತದೆ. ಎದುರಿಗೆ ಬರುವವನ ಮುಖ ಕಾಣದೆ ಆಕೃತಿ ಮಾತ್ರ ಕಾಣುತ್ತದೆ. ಸೊಂಟದೆತ್ತರದ, ಮೇಲ್ಮುಚ್ಚಳ ಇರುವ, ಹಳದಿ ಬೆಳಕಿನ ದೀಪಗಳನ್ನು ಹತ್ತಿರ ಹತ್ತಿರ ಇಟ್ಟರೆ ಪಥವೆಲ್ಲ ಸಮನಾಗಿ ಬೆಳಗುತ್ತದೆ, ಮರದ ತಲೆ ಕತ್ತಲಲ್ಲಿರುತ್ತದೆ. ಹತ್ತು ಗಂಟೆಗೆ ಗೇಟ್ ಮುಚ್ಚಿದ ಮೇಲೆ ಆರಿಸಬೇಕು. ಇದಕ್ಕೆ ಬೇಕಾದದ್ದು ಒಂದು ಸಮಯ ಸ್ವಿಚ್ಚು, ಅದೂ ತಂತ್ರಜ್ಞಾನವೇ.

ಸಂಜೆ ಏಳರ ಬಸ್

ಸೊಂಟದೆತ್ತರದ ದೀಪ ಎದುರಿನವರ ಮುಖ ತೋರಿಸುತ್ತದೆಯೇ? ನನಗೆ ಅನುಮಾನ. ಕಾಲು ಮಾತ್ರ ಕಾಣುತ್ತದೆ. ಕಾಲು ನೋಡಿ ಯಾರೆಂದು ತಿಳಿಯುವಷ್ಟು ಈ ಬಡಾವಣೆ ನನಗೆ ಪರಿಚಯವಿಲ್ಲ.

ಬಾವಲಿ ಗೆಳೆಯ

ನ್ಯಾಯವಾದ ಪ್ರಶ್ನೆ. ಹಾಗಾದರೆ ಹತ್ತು ಹನ್ನೆರಡು ಅಡಿಯ ಕಂಬ, ಮೇಲಿನಿಂದ ಪೂರ್ತಿ ಮುಚ್ಚಿದ ದೀಪ. ಮುಖವೂ ಕಾಣುತ್ತದೆ, ಮರವೂ ಉಳಿಯುತ್ತದೆ. ಬಣ್ಣ ಮಾತ್ರ ಹಳದಿಯೇ ಇರಲಿ.

ಕರಾವಳಿಯವ

ನಾನು ಬೆಂಗಳೂರಿನವನಲ್ಲ, ಆದರೂ ಒಂದು ಮಾತು. ಪಾರ್ಕಿಗೆ ಯಂತ್ರ ತರುವುದು ಸುಲಭ, ಎರಡನೇ ಮಳೆಗಾಲ ದಾಟಿಸುವುದು ಕಷ್ಟ. ನಮ್ಮ ಕಡೆ ನಾಲ್ಕು ತಿಂಗಳು ಬಿಡದೆ ಮಳೆ ಸುರಿಯುತ್ತದೆ. ಒಂದು ಪಾರ್ಕಿನಲ್ಲಿ ಮಾತನಾಡುವ ಮಾಹಿತಿ ಫಲಕ ಇಟ್ಟರು. ಗುಂಡಿ ಒತ್ತಿದರೆ ಮರದ ಕಥೆ ಹೇಳಬೇಕಿತ್ತು. ಮೊದಲ ಆಷಾಢದಲ್ಲೇ ಅದರ ಗಂಟಲು ಕಟ್ಟಿತು. ಆಮೇಲೆ ಅದರ ಮೇಲೆ ಟ್ಯೂಷನ್ ಜಾಹೀರಾತು ಅಂಟಿಸಿದರು. ಹಣ ಕೊಡುವವರು ಉದ್ಘಾಟನೆಯ ದಿನ ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ವಾರ್ಷಿಕ ನಿರ್ವಹಣೆಯ ಗುತ್ತಿಗೆ ಯಾರ ತಲೆಯ ಮೇಲೆ ಎಂದು ಮೊದಲು ಕೇಳಿ.

ಮಾಲಿಯ ಮಗಳು

ನನ್ನ ಅಪ್ಪ ಈ ಊರಿನ ಪಾರ್ಕೊಂದರಲ್ಲಿ ಗುತ್ತಿಗೆ ಮಾಲಿ. ಯಾವ ಪಾರ್ಕು ಎಂದು ಹೇಳುವುದಿಲ್ಲ. ಸಂಬಳ ಎರಡು ತಿಂಗಳಿಗೊಮ್ಮೆ ಬಂದರೆ ಅದೇ ಪುಣ್ಯ. ಇಲ್ಲಿ ಬರೆದವರೆಲ್ಲ ದೀಪ, ಕ್ಯಾಮೆರಾ, ಬಾವಲಿ ಎಂದಿರಿ. ಮಾಲಿಯ ಹೆಸರು ಒಬ್ಬರೂ ಎತ್ತಲಿಲ್ಲ.

ತೇವ ಅಳೆಯುವ ಕಡ್ಡಿಯ ಬಗ್ಗೆ ಅಪ್ಪನನ್ನು ಕೇಳಿದೆ. ಅವರು ಹೆದರಲಿಲ್ಲ, ನಕ್ಕರು. ನಮ್ಮ ಊರಿನ ಕಡೆ, ತುಮಕೂರು ಜಿಲ್ಲೆಯಲ್ಲಿ, ಅಡಿಕೆ ತೋಟದವರು ಮನೆಯಲ್ಲಿ ಕುಳಿತೇ ಮೊಬೈಲಿನಿಂದ ಬೋರ್‌ವೆಲ್ ಮೋಟಾರು ಚಾಲೂ ಮಾಡುತ್ತಾರೆ. ನಡುರಾತ್ರಿ ವಿದ್ಯುತ್ ಬಂದಾಗ ಹಾವು ಚೇಳು ತುಳಿದುಕೊಂಡು ತೋಟಕ್ಕೆ ಓಡುವುದು ತಪ್ಪಿತು. ಹಾಗಾಗಿ ಯಂತ್ರ ನಮಗೆ ಹೊಸತಲ್ಲ. ಅಪ್ಪ ಕೇಳಿದ್ದು ಬೇರೆಯದನ್ನು: ‘ಕಡ್ಡಿಯನ್ನು ಎಲ್ಲಿ ನೆಡುತ್ತಾರೆ?’ ಹುಲ್ಲುಹಾಸಿನ ಮಣ್ಣು ಮೇಲ್ಮೈಯಲ್ಲಿ ಬೇಗ ಒಣಗುತ್ತದೆ, ಹೊಂಗೆಯ ಕೆಳಗಿನ ನೆರಳಿನ ಮಣ್ಣು ಒಣಗುವುದಿಲ್ಲ. ಹುಲ್ಲಿನಲ್ಲಿ ನೆಟ್ಟ ಕಡ್ಡಿಯ ಮಾತು ಕೇಳಿ ಇಡೀ ಪಾರ್ಕಿಗೆ ನೀರು ಬಿಟ್ಟರೆ ನೆರಳಿನ ಗಿಡಗಳ ಬೇರು ಕೊಳೆಯುತ್ತದೆ. ಭಾಗಭಾಗಕ್ಕೆ ಬೇರೆ ಕೊಳವೆ, ಬೇರೆ ಕಡ್ಡಿ ಬೇಕು. ಇಲಿ ತಂತಿ ಕಡಿಯುತ್ತದೆ. ಹಾಗಾದಾಗ ಕೈಯಿಂದ ತೆರೆಯುವ ವಾಲ್ವ್ ಇರಲೇಬೇಕು. ಇದನ್ನೆಲ್ಲ ಹಣ ಕೊಡುವ ಸಂಸ್ಥೆಯವರು ಯಾವ ಮಾಲಿಯನ್ನು ಕೇಳಿ ತಿಳಿದುಕೊಂಡಿದ್ದಾರೆ?

ಇನ್ನೊಂದು ವಿಷಯ. ‘ತಾನೇ ನೀರು ಬಿಡುತ್ತದೆ’ ಎಂದರೆ ಮೂವರು ಮಾಲಿಗಳಲ್ಲಿ ಇಬ್ಬರನ್ನು ತೆಗೆಯುತ್ತಾರೆ ಎಂದು ಓದಿಕೊಳ್ಳಬೇಕೇ?

ಪಾರ್ಕ್ ಪಕ್ಕದ ಮನೆ

ಅಮ್ಮಾ, ನಿಮ್ಮ ಕೊನೆಯ ಪ್ರಶ್ನೆಯನ್ನು ಸಭೆಯಲ್ಲಿ ಒಬ್ಬರು ಎತ್ತಿದ್ದರು, ಉತ್ತರ ಬರಲಿಲ್ಲ. ನಾನು ನೀರಿನ ವ್ಯವಸ್ಥೆಯ ಪರವಾಗಿರುವುದು 2024ರ ಬೇಸಿಗೆಯ ಕಾರಣಕ್ಕೆ. ಆ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ತೋಟಕ್ಕೆ, ಕಾರು ತೊಳೆಯಲು ಬಳಸಿದರೆ 5000 ರೂಪಾಯಿ ದಂಡ ಎಂದಿತು. ಕಬ್ಬನ್ ಪಾರ್ಕ್, ಲಾಲ್‌ಬಾಗ್‌ಗಳಲ್ಲಿ ಕೊಳಚೆ ನೀರನ್ನು ಶುದ್ಧೀಕರಿಸಿ ಗಿಡಗಳಿಗೆ ಬಿಡುವ ಘಟಕಗಳಿವೆ. ನಮ್ಮ ಪಾರ್ಕಿಗೆ ಅದೂ ಇಲ್ಲ, ಬೋರ್‌ವೆಲ್ ಬತ್ತಿತು. ಪಾರಿಜಾತದ ಸಾಲು ಒಣಗಿದ್ದು ಆಗಲೇ. ಕ್ಯಾಮೆರಾಕ್ಕೆ ಇಡುವ ಹಣದಲ್ಲಿ ಶುದ್ಧೀಕರಿಸಿದ ನೀರಿನ ತೊಟ್ಟಿಯೊಂದನ್ನು ಕಟ್ಟಿಸಬಹುದು. ಅದಕ್ಕೆ ‘ಸ್ಮಾರ್ಟ್’ ಎಂಬ ಹೆಸರು ಬರುವುದಿಲ್ಲ ಎಂಬುದೇ ತೊಂದರೆ.

ನಿವೃತ್ತ ಇಂಜಿನಿಯರ್

ಮಾಲಿಯ ಮಗಳು ಕೇಳಿದ ಪ್ರಶ್ನೆಗಳು ಸರಿಯಾದ ತಾಂತ್ರಿಕ ಪ್ರಶ್ನೆಗಳು. ವಿರೋಧಿಸುವವರು ಹೀಗೆ ವಿರೋಧಿಸಿದರೆ ನನಗೆ ತಕರಾರಿಲ್ಲ. ಮಾಲಿಗಳನ್ನು ತೆಗೆಯಬಾರದು ಎಂಬ ಷರತ್ತನ್ನು ಒಪ್ಪಂದದಲ್ಲಿ ಬರೆಸೋಣ. ಆದರೆ ಕ್ಯಾಮೆರಾ ವಿಷಯದಲ್ಲಿ ನಾನು ಹಿಂದೆ ಸರಿಯುವುದಿಲ್ಲ. ಹೆಂಗಸರ ಸುರಕ್ಷತೆಗಾಗಿ ಇರುವ ಕೇಂದ್ರ ಸರ್ಕಾರದ ನಿರ್ಭಯಾ ನಿಧಿಯ ಸೇಫ್ ಸಿಟಿ ಯೋಜನೆಯಲ್ಲಿ ಬೆಂಗಳೂರಿನ ಸಾವಿರಾರು ಕಡೆ ಪೊಲೀಸ್ ಕ್ಯಾಮೆರಾಗಳು ಈಗಾಗಲೇ ಇವೆ. ಅಂಗಡಿ, ಮೆಟ್ರೊ, ಬಸ್ ನಿಲ್ದಾಣ, ಎಲ್ಲೆಡೆ ನಿಮ್ಮ ಮುಖ ದಾಖಲಾಗುತ್ತಿದೆ. ಪಾರ್ಕಿನಲ್ಲಿ ಮಾತ್ರ ಏಕೆ ಈ ಮಡಿ?

ಟೊರಾಂಟೊ ಕನ್ನಡತಿ

ನಾನು ಹುಟ್ಟಿ ಬೆಳೆದದ್ದು ಬಸವನಗುಡಿಯಲ್ಲಿ, ಈಗ ಇರುವುದು ಟೊರಾಂಟೊದಲ್ಲಿ. ನಿಮ್ಮ ಜಗಳದ ದೊಡ್ಡ ಅಣ್ಣನನ್ನು ಇಲ್ಲಿ ಹತ್ತಿರದಿಂದ ಕಂಡಿದ್ದೇನೆ.

2017ರ ಅಕ್ಟೋಬರ್‌ನಲ್ಲಿ ಗೂಗಲ್‌ನ ಮಾತೃಸಂಸ್ಥೆ ಆಲ್ಫಾಬೆಟ್‌ಗೆ ಸೇರಿದ ಸೈಡ್‌ವಾಕ್ ಲ್ಯಾಬ್ಸ್, ಒಂಟಾರಿಯೊ ಸರೋವರದ ದಂಡೆಯ ಕ್ವೇಸೈಡ್ ಎಂಬಲ್ಲಿ 12 ಎಕರೆಯಲ್ಲಿ ಹೊಸ ಬಗೆಯ ಬಡಾವಣೆ ಕಟ್ಟುತ್ತೇನೆಂದಿತು. ಕಾಲುದಾರಿ, ಬೀದಿ, ಸಾರ್ವಜನಿಕ ಬಯಲು ಎಲ್ಲೆಲ್ಲೂ ಸಂವೇದಕಗಳು. ಕೆನಡಾದ ಪ್ರಧಾನಿಯೇ ವೇದಿಕೆಯ ಮೇಲಿದ್ದರು. ಮೊದಲ ವರ್ಷ ಎಲ್ಲರೂ ಬಿಸಿಯಾಗುವ ಕಾಲುದಾರಿ, ಮರದ ಬಹುಮಹಡಿ ಕಟ್ಟಡಗಳ ಬಗ್ಗೆಯೇ ಮಾತನಾಡಿದರು. ಜಗಳ ಶುರುವಾದದ್ದು ದತ್ತಾಂಶ ಯಾರದ್ದು ಎಂಬ ಒಂದೇ ಪ್ರಶ್ನೆಯಿಂದ. ಒಂಟಾರಿಯೊ ಪ್ರಾಂತದ ಖಾಸಗಿತನ ಆಯುಕ್ತರಾಗಿದ್ದ ಆ್ಯನ್ ಕವೂಕಿಯನ್ ಆ ಯೋಜನೆಯ ಸಲಹೆಗಾರರಾಗಿದ್ದರು. ಸಂಗ್ರಹಿಸಿದ ಕ್ಷಣದಲ್ಲೇ ವ್ಯಕ್ತಿಯ ಗುರುತನ್ನು ಅಳಿಸಬೇಕು ಎಂಬುದು ಅವರ ಷರತ್ತು. ಯೋಜನೆಯೊಳಗೆ ಬರುವ ಬೇರೆ ಸಂಸ್ಥೆಗಳಿಗೆ ಅದು ಕಡ್ಡಾಯವಾಗುವುದಿಲ್ಲ ಎಂದು ತಿಳಿದಾಗ 2018ರ ಅಕ್ಟೋಬರ್‌ನಲ್ಲಿ ರಾಜೀನಾಮೆ ಕೊಟ್ಟರು. 2019ರಲ್ಲಿ ಸಂಸ್ಥೆ ಮುಂದಿಟ್ಟ ಬೃಹತ್ ಯೋಜನೆಯಲ್ಲಿ 12 ಎಕರೆಯ ಆಚೆ 190 ಎಕರೆಯ ಪ್ರದೇಶದ ಕನಸು ಇತ್ತು. ಜನ ಆಗ ಪೂರ್ತಿ ಎಚ್ಚೆತ್ತರು. 2020ರ ಮೇ ತಿಂಗಳಲ್ಲಿ, ಕೋವಿಡ್‌ನ ಆರ್ಥಿಕ ಅನಿಶ್ಚಿತತೆಯ ಕಾರಣ ಕೊಟ್ಟು ಸಂಸ್ಥೆ ಹಿಂದೆ ಸರಿಯಿತು.

ಅದು ಇಡೀ ಬಡಾವಣೆಯ ಮಾತು, ನಿಮ್ಮದು ಒಂದೂವರೆ ಎಕರೆಯ ಪಾರ್ಕು, ನಿಜ. ಆದರೂ ಇಂಜಿನಿಯರ್ ಅವರ ಪ್ರಶ್ನೆಗೆ ನನ್ನ ಉತ್ತರ ಅಲ್ಲಿಂದಲೇ ಬರುತ್ತದೆ. ಮೆಟ್ರೊಗೆ ಹೋಗುವುದು ಪ್ರಯಾಣಕ್ಕೆ, ಅಂಗಡಿಗೆ ಹೋಗುವುದು ಕೊಳ್ಳಲು. ಅಲ್ಲಿ ‘ನೀನು ಏಕೆ ಬಂದೆ’ ಎಂದು ಕೇಳಿದರೆ ಉತ್ತರ ಇರುತ್ತದೆ. ಪಾರ್ಕಿಗೆ ಹೋಗುವುದಕ್ಕೆ ಕಾರಣವೇ ಬೇಕಿಲ್ಲ. ಮನೆಯಲ್ಲಿ ಜಗಳವಾದವರು ಹೋಗುತ್ತಾರೆ, ಕೆಲಸ ಕಳೆದುಕೊಂಡು ಮನೆಯಲ್ಲಿ ಹೇಳದವರು ಊಟದ ಡಬ್ಬಿ ಹಿಡಿದು ಅಲ್ಲೇ ಸಂಜೆಯವರೆಗೆ ಕುಳಿತಿರುತ್ತಾರೆ, ಮಧ್ಯಾಹ್ನ ಆಟೊ ಚಾಲಕರು ಮಲಗುತ್ತಾರೆ, ಮನೆಗೆಲಸದ ಹೆಂಗಸರು ಎರಡು ಮನೆಗಳ ನಡುವಿನ ಬಿಡುವಿನಲ್ಲಿ ಕಾಲು ಚಾಚುತ್ತಾರೆ. ಯಾರೂ ಯಾರಿಗೂ ವಿವರ ಕೊಡಬೇಕಿಲ್ಲದ ಜಾಗ ಊರಿನಲ್ಲಿ ಎಷ್ಟು ಉಳಿದಿವೆ?

ನಾಲ್ಕನೇ ಅಡ್ಡರಸ್ತೆ

ಟೊರಾಂಟೊದಲ್ಲಿ ಕುಳಿತು ನಮ್ಮ ಪಾರ್ಕಿಗೆ ಯಾರು ಬಂದು ಮಲಗಬೇಕು ಎಂದು ಹೇಳುವುದು ಸುಲಭ. ಗುಡಿಸುವ ತೆರಿಗೆ ಕಟ್ಟುವವರು ನಾವು.

ಎಂಟನೇ ತರಗತಿಯ ಅಮ್ಮ

ಆಟೊ ಚಾಲಕರೂ ಬೆಂಕಿಪೊಟ್ಟಣದಿಂದ ಹಿಡಿದು ಬಟ್ಟೆಯವರೆಗೆ ತೆರಿಗೆ ಕಟ್ಟುತ್ತಾರೆ ಸ್ವಾಮಿ. ಪಾರ್ಕು ಪಾಲಿಕೆಯದ್ದು, ಸಂಘದ್ದಲ್ಲ.

ವಕೀಲರ ಗುಮಾಸ್ತ

ಕಾನೂನಿನ ಬಗ್ಗೆ ತಿಳಿದಷ್ಟು ಹೇಳುತ್ತೇನೆ, ಸಲಹೆ ಎಂದು ತೆಗೆದುಕೊಳ್ಳಬೇಡಿ.

ಕರ್ನಾಟಕದಲ್ಲಿ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಸಂರಕ್ಷಣೆಗೆ 1985ರ ಕಾಯ್ದೆಯಿದೆ. ಕಬ್ಬನ್ ಪಾರ್ಕ್, ಲಾಲ್‌ಬಾಗ್‌ನಂಥ ಸರ್ಕಾರಿ ಉದ್ಯಾನಗಳಿಗೆ 1975ರ ಕಾಯ್ದೆ ಬೇರೆ. 1985ರ ಕಾಯ್ದೆಯ ತಿರುಳು ಇಷ್ಟೇ, ಪಾರ್ಕನ್ನು ಪಾರ್ಕಿನ ಉದ್ದೇಶಕ್ಕಲ್ಲದೆ ಬೇರೆಯದಕ್ಕೆ ಬಳಸುವಂತಿಲ್ಲ. ಜಾಹೀರಾತು ಪರದೆಯ ಕಂಬ ಪಾರ್ಕಿನ ಉದ್ದೇಶವೇ ಎಂದು ಲಿಖಿತವಾಗಿ ಕೇಳಿ, ಉತ್ತರ ಕೊಡಲು ಅಧಿಕಾರಿಗಳು ತಡಬಡಾಯಿಸುತ್ತಾರೆ. 2018ರಲ್ಲಿ ಹೈಕೋರ್ಟ್ ಚಾಟಿ ಬೀಸಿದ ಮೇಲೆ ಊರಿನ ಫ್ಲೆಕ್ಸ್‌ಗಳೆಲ್ಲ ರಾತ್ರೋರಾತ್ರಿ ಇಳಿದದ್ದು ನೆನಪಿರಬಹುದು. ಈಗ ಅವೇ ಪರದೆಯ ವೇಷದಲ್ಲಿ ಪಾರ್ಕಿನೊಳಗೆ ಬರುತ್ತಿವೆ.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಪ್ರಕರಣದ ಅರ್ಜಿದಾರರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ವಿರುದ್ಧ ಅರ್ಜಿ ಹಾಕಿದಾಗ ಅವರಿಗೆ 80 ದಾಟಿತ್ತು. ಬೆಂಗಳೂರಿನ ಹಿರಿಯರೊಬ್ಬರು ಗೆದ್ದುಕೊಟ್ಟ ಹಕ್ಕನ್ನು ಬೆಂಗಳೂರಿನ ಪಾರ್ಕಿನ ಗೇಟಿನಲ್ಲಿ ಬಿಟ್ಟುಕೊಡಲು ಹೊರಟಿದ್ದೇವೆ.

ಇನ್ನು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು, ಬಹುಪಾಲು ಕಟ್ಟಳೆಗಳು ಹಂತಹಂತವಾಗಿ ಜಾರಿಗೆ ಬರುತ್ತವೆ. 18 ವರ್ಷದೊಳಗಿನವರ ದತ್ತಾಂಶ ಪಡೆಯಲು ತಂದೆ ತಾಯಿಯ ಪರಿಶೀಲಿಸಬಹುದಾದ ಒಪ್ಪಿಗೆ ಬೇಕು ಎಂಬುದು ಆ ಕಾಯ್ದೆಯಲ್ಲಿದೆ. ಜೋಕಾಲಿ ಆಡಲು ಬರುವ ಪ್ರತಿ ಮಗುವಿನ ತಂದೆ ತಾಯಿಯ ಒಪ್ಪಿಗೆಯನ್ನು ಗೇಟಿನ ಯಂತ್ರ ಹೇಗೆ ಪರಿಶೀಲಿಸುತ್ತದೆ? ನೋಂದಣಿ ಪುಸ್ತಕ ಇಟ್ಟುಕೊಳ್ಳುವ ಹೊಣೆ ಸಂಘದ್ದಾದರೆ, ಸೋರಿಕೆಯಾದಾಗ ಉತ್ತರಿಸಬೇಕಾದವರೂ ನೀವೇ. ದಂಡದ ಮೊತ್ತ ಕೋಟಿಗಳಲ್ಲಿದೆ. ಕಾರ್ಯದರ್ಶಿಗಳು ಗಮನಿಸಬೇಕು.

ಸಂಘದ ಕಾರ್ಯದರ್ಶಿ

ಎಲ್ಲವನ್ನೂ ಓದುತ್ತಿದ್ದೇನೆ. ನಾನು ಯಾರ ಏಜೆಂಟನೂ ಅಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ, ನಿನ್ನೆ ಹಾಲಿನ ಅಂಗಡಿಯ ಮುಂದೆ ಒಬ್ಬರು ಹಾಗೆಂದರು. ಪಾಲಿಕೆಯಿಂದ ಒಂದು ಬಲ್ಬ್ ಹಾಕಿಸಲು ನಾನು ಎಷ್ಟು ಮೆಟ್ಟಿಲು ಹತ್ತಿದ್ದೇನೆ ಎಂದು ನನ್ನ ಮೊಣಕಾಲಿಗೆ ಗೊತ್ತು. ಯಾರೋ ಹಣ ಕೊಡುತ್ತೇವೆ ಎಂದಾಗ ಆಸೆಯಾಗುವುದು ಸಹಜ.

ಕರಡು ಒಪ್ಪಂದವನ್ನು ಮತ್ತೆ ಓದಿದೆ. ಕ್ಯಾಮೆರಾ ದೃಶ್ಯಗಳೂ ನೋಂದಣಿ ವಿವರಗಳೂ ಹಣ ನೀಡುವವರ ತಾಂತ್ರಿಕ ಪಾಲುದಾರರ ಸರ್ವರ್‌ನಲ್ಲಿ ಇರುತ್ತವೆ ಎಂದಿದೆ. ಎಷ್ಟು ದಿನ ಎಂದು ಬರೆದಿಲ್ಲ. ನಿರ್ವಹಣೆ ಮೊದಲ ಎರಡು ವರ್ಷ ಅವರದ್ದು, ಆಮೇಲೆ ‘ಸ್ಥಳೀಯ ಸಮುದಾಯದ್ದು’. ಅಂದರೆ ನಮ್ಮದು. ಕಂಬದ ಪರದೆಯ ಜಾಹೀರಾತು ಆದಾಯ ಮಾತ್ರ ಹತ್ತು ವರ್ಷ ಅವರದ್ದು.

ಕರಾವಳಿಯವ

ಎರಡು ವರ್ಷ ನಿರ್ವಹಣೆ, ಹತ್ತು ವರ್ಷ ಆದಾಯ. ಮೊದಲೇ ಇದನ್ನು ಹಾಕಿದ್ದರೆ ಇಷ್ಟು ಬರೆಯುವ ಶ್ರಮ ಉಳಿಯುತ್ತಿತ್ತು.

ಗಾಲಿಕುರ್ಚಿಯವನು

ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ಖಾಸಗಿತನದ ವಾದವನ್ನು ಒಪ್ಪುತ್ತೇನೆ. ಆದರೆ ‘ಯಂತ್ರ ಬೇಡ’ ಎಂಬುದು ಇಲ್ಲಿ ನಿಧಾನವಾಗಿ ಹಿತವಾದ ಮಾತಾಗುತ್ತಿದೆ, ಅದು ನನಗೆ ಹಿಡಿಸಲಿಲ್ಲ. ದ್ವಿಚಕ್ರ ವಾಹನ ನುಗ್ಗಬಾರದೆಂದು ನಮ್ಮ ಪಾರ್ಕಿನ ಗೇಟಿಗೆ ಇಂಗ್ಲಿಷಿನ ‘ಝಡ್’ ಆಕಾರದ ಕಬ್ಬಿಣದ ತಡೆ ಹಾಕಿದ್ದೀರಿ. ಅದು ಹಳೆಯ ತಂತ್ರಜ್ಞಾನ, ಯಾವ ದತ್ತಾಂಶವನ್ನೂ ಕದಿಯುವುದಿಲ್ಲ, ನನ್ನನ್ನು ಮಾತ್ರ ಹೊರಗೆ ನಿಲ್ಲಿಸುತ್ತದೆ. ಗುಂಡಿ ಒತ್ತಿದರೆ ಅಗಲವಾಗಿ ತೆರೆಯುವ ಬಾಗಿಲು ಬಂದರೆ ನಾನು ಸ್ವಾಗತಿಸುತ್ತೇನೆ, ಅದು ನನ್ನ ಹೆಸರು ಕೇಳದಿದ್ದರೆ ಸಾಕು. ಪರದೆಯ ಬದಲು ದೃಷ್ಟಿಯಿಲ್ಲದವರಿಗೆ ಪಥದಲ್ಲಿ ಮುಟ್ಟಿ ತಿಳಿಯುವ ಹಾಸುಗಲ್ಲು ಹಾಕಿಸಿ ಎಂದೂ ಕೇಳಬಹುದಿತ್ತು. ಯಾರೂ ಕೇಳಲಿಲ್ಲ.

ನಿವೃತ್ತ ಇಂಜಿನಿಯರ್

ಆ ಕಬ್ಬಿಣದ ತಡೆಯ ನಕ್ಷೆ ಹಾಕಿಕೊಟ್ಟವನು ನಾನೇ. ಸ್ಕೂಟರ್ ಒಂದನ್ನೇ ಲೆಕ್ಕ ಹಾಕಿದ್ದೆ. ಪಕ್ಕದಲ್ಲಿ ಮೂರು ಅಡಿಯ ಬಾಗಿಲು ಇಡಲು ಜಾಗವಿದೆ, ಸೋಮವಾರ ಅಳತೆ ತೆಗೆದುಕೊಂಡು ಬರುತ್ತೇನೆ. ಗೇಟಿನಲ್ಲಿ ಒಂದು ಸಾಧಾರಣ ಕ್ಯಾಮೆರಾ ಬೇಕು ಎಂಬ ನನ್ನ ಮಾತು ಹಾಗೆಯೇ ಇದೆ. ಮುಖ ಗುರುತಿಸುವುದು ಬೇಡ, ಏಳು ದಿನದ ನಂತರ ಅಳಿಸಲಿ, ದೃಶ್ಯ ಪೊಲೀಸರು ಕೇಳಿದರೆ ಮಾತ್ರ ಸಿಗಲಿ.

ರಾಗಿಮುದ್ದೆ

ಏಳು ದಿನ ಎಂದು ಬರೆಯುತ್ತಾರೆ, ಅಳಿಸಿದರೇ ಎಂದು ನೋಡುವವರು ಯಾರು? ನಾನು ಅದಕ್ಕೂ ವಿರೋಧವೇ. ಸಭೆಯಲ್ಲಿ ಸಿಗೋಣ ಸರ್.

ಹಾಡುಹಕ್ಕಿ

ಧ್ವನಿವರ್ಧಕದ ಬಗ್ಗೆ ಯಾರೂ ಬರೆಯಲಿಲ್ಲವಲ್ಲ! ಬೆಳಿಗ್ಗೆ ಆರಕ್ಕೆ ಸುಪ್ರಭಾತ, ಸಂಜೆ ವಾದ್ಯ ಸಂಗೀತ ಬಂದರೆ ಎಷ್ಟು ಚೆನ್ನ.

ಪಾರ್ಕ್ ಪಕ್ಕದ ಮನೆ

ನನ್ನ ಹೆಸರನ್ನು ಓದಿ, ನನ್ನ ಮಲಗುವ ಕೋಣೆಯ ಕಿಟಕಿ ಎಲ್ಲಿದೆ ಎಂದು ಊಹಿಸಿ.

ಸಂಘದ ಕಾರ್ಯದರ್ಶಿ

ಹೀಗೆ ಮಾಡೋಣ. ಇಡೀ ಪಟ್ಟಿಗೆ ಒಂದೇ ಮತ ಕೇಳುವುದಿಲ್ಲ. ನೀರು, ದೀಪ, ಗೇಟು, ಕ್ಯಾಮೆರಾ, ಕಂಬ, ಧ್ವನಿವರ್ಧಕ, ಪ್ರತಿಯೊಂದಕ್ಕೂ ಬೇರೆ ಬೇರೆ ಮತ. ಕರಡು ಒಪ್ಪಂದದ ಪ್ರತಿಯನ್ನು ನಾಳೆ ಪಾರ್ಕಿನ ಸೂಚನಾ ಫಲಕದಲ್ಲಿ ಅಂಟಿಸುತ್ತೇನೆ. ಹಣ ಕೊಡುವವರು ‘ಎಲ್ಲವೂ ಇಲ್ಲವೇ ಏನೂ ಇಲ್ಲ’ ಎಂದರೆ ಏನು ಮಾಡುವುದು ಎಂದು ಆಗ ನೋಡೋಣ. ಹಾಗೆನ್ನುವ ಸಾಧ್ಯತೆ ಇದೆ ಎಂದೂ ಹೇಳಿಬಿಡುತ್ತೇನೆ. ಸಭೆಗೆ ಮೂವರು ಮಾಲಿಗಳನ್ನೂ ಕರೆಯುತ್ತೇನೆ. ಸಭೆ ಸಭಾಂಗಣದ ಮಹಡಿಯಲ್ಲಿ ಬೇಡ, ಪಾರ್ಕಿನ ಗೇಟಿನ ಹೊರಗಿನ ಕಟ್ಟೆಯ ಬಳಿ ಇಡೋಣ, ಎಲ್ಲರೂ ಬರಬಹುದು.

ಸಂಜೆ ಏಳರ ಬಸ್

ಅದೆಲ್ಲ ಎರಡು ವಾರದ ನಂತರದ ಮಾತು. ಸುಟ್ಟುಹೋದ ಮೂರು ಬಲ್ಬ್ ಬದಲಿಸಲು ಯಾರ ಮತ ಬೇಕು?

ಸಂಘದ ಕಾರ್ಯದರ್ಶಿ

ಯಾರದ್ದೂ ಬೇಡ. ಮತ್ತೆ ದೂರು ದಾಖಲಿಸಿದ್ದೇನೆ. ಏಣಿ ಇರುವ ಗಾಡಿ ಈ ಭಾಗಕ್ಕೆಲ್ಲ ಒಂದೇ ಅಂತೆ, ಮಂಗಳವಾರ ಕಳುಹಿಸುತ್ತೇವೆ ಎಂದಿದ್ದಾರೆ. ಹಳದಿ ಬಲ್ಬ್ ತರಲು ಹೇಳಿದ್ದೇನೆ. ಅವರ ಬಳಿ ಬಿಳಿಯದೇ ಇರುವುದಂತೆ, ಹಳದಿಯದನ್ನು ನಾವೇ ಕೊಂಡು ಕೊಟ್ಟರೆ ಹಾಕುತ್ತಾರಂತೆ.

ಬಾವಲಿ ಗೆಳೆಯ

ಮೂರೂ ನನ್ನ ಲೆಕ್ಕಕ್ಕೆ. ಸೋಮವಾರ ಸಂಜೆ ನಿಮ್ಮ ಮನೆಗೆ ತಂದುಕೊಡುತ್ತೇನೆ.